ಸಾಲಿ ಸಂಗತಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸರ್ಕಾರಿ ಶಾಲೆಗಳ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಶಾಲಾ ಆಡಳಿತ, ಕಟ್ಟಡ ಮತ್ತು ಮಕ್ಕಳ ಹಕ್ಕುಗಳ ಕೆಲಸ ಬಲ್ಲವರು ಉತ್ತರಿಸಿದ್ದಾರೆ. ಕೇಳಿದವರ ಹೆಸರು ಹಾಕಿಲ್ಲ.

ನಮ್ಮೂರ ಸಾಲಿಯೊಳಗ 142 ಮಕ್ಕಳದಾರ. ವರ್ಷಕ್ಕ ಐವತ್ತು ಸಾವಿರ ಬರತೈತಿ ಅಂತಾರ. ಆದ್ರ ಮಾರ್ಚ್ ತಿಂಗಳದಾಗ ಬಿಲ್ ನೋಡಿದ್ರ ಬರೇ ಸುಣ್ಣ-ಬಣ್ಣ, ಬ್ಯಾನರ್, ಕುರ್ಚಿ. ಹೆಣ್ಣುಮಕ್ಕಳ ಸಂಡಾಸಿಗೆ ನೀರಿಲ್ಲ. ನಾವು ಎಸ್‌ಡಿಎಂಸಿಯವರು ಸಹಿ ಹಾಕೂದಷ್ಟ ಏನ್ರಿ?
– ಎಸ್‌ಡಿಎಂಸಿ ಸದಸ್ಯೆ, ಹಾನಗಲ್ ತಾಲ್ಲೂಕು

ಅಲ್ಲ. ಎಸ್‌ಡಿಎಂಸಿ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಿಕ್ಷಣ ಹಕ್ಕು ಕಾಯ್ದೆ ಈ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳಿದೆ. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಮತ್ತು ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಅದೇ ಸಮಿತಿಯ ಕೆಲಸ. ಸಹಿ ಹಾಕುವುದು ಆ ಕೆಲಸದ ಕೊನೆಯ ಹಂತ ಮಾತ್ರ.

ನೀವು ಹೇಳುವ ಹಣ ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ. ಅದು ಮಕ್ಕಳ ಸಂಖ್ಯೆಯ ಮೇಲೆ ನಿಗದಿಯಾಗುತ್ತದೆ. 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1,000ದವರೆಗೆ 75,000, ಅದಕ್ಕೂ ಮೇಲೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಹೋಗಬೇಕು. ನಿಮ್ಮ ಶಾಲೆಯ ಲೆಕ್ಕದಲ್ಲಿ ಅದು 5,000. ಸಂಡಾಸಿನ ನೀರು ಈ ಬಾಬತ್ತಿಗೇ ಸೇರುತ್ತದೆ. ಆದ್ದರಿಂದ ‘ಅದಕ್ಕೆ ಹಣ ಇಲ್ಲ’ ಎಂಬ ಉತ್ತರವನ್ನು ನೀವು ಒಪ್ಪಬೇಕಿಲ್ಲ.

ಎಡವಟ್ಟಾಗುವುದು ವೇಳೆಯ ವಿಷಯದಲ್ಲಿ. ಹಣ ಒಂದೇ ಗಂಟಾಗಿ ಜೂನ್‌ನಲ್ಲಿ ಬರುವುದಿಲ್ಲ. ಕೊನೆಯ ಕಂತು ಎಷ್ಟೋ ಸಲ ಫೆಬ್ರುವರಿ ದಾಟಿದ ಮೇಲೆ ಬರುತ್ತದೆ. ಈಗ ಶಾಲೆಯ ಖಾತೆಯಲ್ಲಿ ನಗದು ಕೂತಿರುವ ಪದ್ಧತಿಯೂ ಇಲ್ಲ. ಖರ್ಚಿನ ಮಿತಿಯನ್ನು ತೋರಿಸುತ್ತಾರೆ, ಪಿಎಫ್‌ಎಂಎಸ್ ಎಂಬ ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆಯ ಮೂಲಕ ಅಂಗಡಿಯವರ ಖಾತೆಗೇ ಹಣ ಹೋಗುತ್ತದೆ, ಮಾರ್ಚ್ 31ಕ್ಕೆ ಉಳಿದದ್ದು ಹಿಂದಕ್ಕೆ ಹೋಗುತ್ತದೆ. ಕೈಯಲ್ಲಿ ಹದಿನೈದು ದಿನ ಇದ್ದಾಗ ಮುಖ್ಯ ಶಿಕ್ಷಕರು ಬೇಗ ಸಿಗುವುದನ್ನು, ಬಿಲ್ ಕೊಡುವ ಅಂಗಡಿಯಲ್ಲಿರುವುದನ್ನು ಕೊಳ್ಳುತ್ತಾರೆ. ಬಣ್ಣ ಮತ್ತು ಕುರ್ಚಿ ಹಾಗೆ ಬರುತ್ತವೆ. ಇದರಲ್ಲಿ ಕಳ್ಳತನಕ್ಕಿಂತ ಗಡಿಬಿಡಿಯೇ ಹೆಚ್ಚು.

ಹಾಗಾಗಿ ಜುಲೈ ಸಭೆಯಲ್ಲೇ ಠರಾವು ಮಾಡಿರಿ. ಠರಾವಿನಲ್ಲಿ ‘ಶೌಚಾಲಯ ದುರಸ್ತಿ ಮಾಡಬೇಕು’ ಎಂದಷ್ಟೇ ಬರೆದರೆ ಅದರಿಂದ ಏನೂ ಆಗುವುದಿಲ್ಲ. ಹೀಗೆ ಬರೆಯಿರಿ: ‘ಬಾಲಕಿಯರ ಶೌಚಾಲಯದ ಮೇಲೆ 500 ಲೀಟರಿನ ಟ್ಯಾಂಕು, ಅದಕ್ಕೆ ಬೇಕಾದ ಪೈಪು, ಬಾಲ್‌ಕಾಕ್, ಎರಡು ನಲ್ಲಿ, ಎರಡು ಒಳಚಿಲಕ. ಅನುದಾನದ ಮಿತಿ ಬಂದ ಕೂಡಲೇ ಮೊದಲ ಖರ್ಚು ಇದಕ್ಕೇ.’ ನಂತರ ಆಗಸ್ಟ್‌ನಲ್ಲಿ ಮೂರು ಅಂಗಡಿಗಳ ದರಪಟ್ಟಿ ತರಿಸಿ ಕಡತದಲ್ಲಿಡಿ. ಮಿತಿ ತೋರಿಸಿದ ದಿನ ಆರ್ಡರ್ ಕೊಟ್ಟರಾಯಿತು. ದರಪಟ್ಟಿ ಹಳತಾಗಿದ್ದರೆ ಅದೇ ಅಂಗಡಿಯವರಿಂದ ಹೊಸ ದಿನಾಂಕ ಹಾಕಿಸಿಕೊಳ್ಳಿ. ಸಾಮಾನು ಬಂದ ದಿನವೇ ದಾಸ್ತಾನು ಪುಸ್ತಕದಲ್ಲಿ ದಾಖಲಾಗಬೇಕು. ಲೆಕ್ಕಪರಿಶೋಧನೆಯಲ್ಲಿ ತಕರಾರು ಹುಟ್ಟುವುದು ಇಲ್ಲಿಯೇ: ಬಿಲ್ ಇರುತ್ತದೆ, ವಸ್ತುವೂ ಇರುತ್ತದೆ, ದಾಸ್ತಾನು ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ.

ಕರೆಂಟ್ ಬಿಲ್ಲಿಗೆ ಈ ಹಣ ತೆಗೆದಿಡುವ ರೂಢಿ ಇನ್ನೂ ಇದ್ದರೆ ಪ್ರಶ್ನಿಸಿರಿ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರನ್ನು ಸರ್ಕಾರ ಘೋಷಿಸಿದೆ. ಆದರೂ ಬಿಲ್ ಬರುತ್ತಿದ್ದರೆ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ಶಾಲೆಯ ಹೆಸರಿನಲ್ಲಿದೆಯೋ, ಹಳೆಯ ಬೇರೆ ಹೆಸರಿನಲ್ಲಿದೆಯೋ ಎಂದು ಹೆಸ್ಕಾಂ ಉಪವಿಭಾಗದಲ್ಲಿ ನೋಡಿಸಿರಿ.

ಕೊರತೆ ತುಂಬಲು ಮಕ್ಕಳಿಂದ ವಸೂಲಿ ಮಾಡುವ ದಾರಿ ಮಾತ್ರ ಬೇಡ. ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ 2022ರ ಅಕ್ಟೋಬರ್‌ನಲ್ಲಿ ಹೊರಬಿದ್ದು, ವಿರೋಧ ಎದ್ದ ಮೇಲೆ ವಾಪಸಾಯಿತು. ಊರವರು ತಾವಾಗಿ ಕೊಡುವುದು ಬೇರೆ ಮಾತು. ಅದಕ್ಕೆ ರಸೀದಿ ಕೊಡಬೇಕು, ಹಣ ಎಸ್‌ಡಿಎಂಸಿ ಖಾತೆಗೆ ಜಮೆಯಾಗಬೇಕು, ಮುಂದಿನ ಸಭೆಯಲ್ಲಿ ಅದನ್ನು ಓದಿ ಹೇಳಬೇಕು.

ನಾನು 8ನೇ ತರಗತಿ. ನಮ್ಮ ಶಾಲಾ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿ ಆಗಿದ್ದೇನೆ. ಪ್ರಮಾಣವಚನ ಆದ ಮೇಲೆ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು ಬಿಟ್ಟು ಬೇರೆ ಕೆಲಸ ಇಲ್ಲ. ಏನಾದರೂ ಹೇಳಿದರೆ ‘ನೋಡೋಣ’ ಅನ್ನುತ್ತಾರೆ. ನಾವು ಹೇಳಿದ್ದು ಯಾರಾದರೂ ಕೇಳಬೇಕೆಂದರೆ ಏನು ಮಾಡಬೇಕು?
– ವಿದ್ಯಾರ್ಥಿನಿ, ಹಳೇ ಹುಬ್ಬಳ್ಳಿ

ತಂಗಿ, ನಿನ್ನ ಪ್ರಶ್ನೆ ಸರಿಯಾಗಿದೆ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಮಾತಾಡುವುದು ಮಕ್ಕಳ ಹಕ್ಕು, ಆ ಮಾತಿಗೆ ಬೆಲೆ ಕೊಡಬೇಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ‘ನೋಡೋಣ’ ಎನ್ನುವುದು ಸುಲಭ, ಬರೆದದ್ದಕ್ಕೆ ಅಷ್ಟು ಸುಲಭವಲ್ಲ. ಮೊದಲು ನಿಮ್ಮ ಶಾಲೆಯ ನಕ್ಷೆ ಬರೆಯಿರಿ. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಗೇಟು, ಕೊಠಡಿಗಳು, ಅಡುಗೆ ಕೋಣೆ, ನೀರಿನ ಟಾಕಿ, ಶೌಚಾಲಯ, ಹಿಂದಿನ ಗೋಡೆ ಎಲ್ಲವೂ ಬರಲಿ. ಪ್ರತಿ ತರಗತಿಯವರೂ ಬಂದು ತಮಗೆ ಹೆದರಿಕೆ ಆಗುವ ಅಥವಾ ಪೆಟ್ಟಾಗುವ ಜಾಗಕ್ಕೆ ಕೆಂಪು ಚುಕ್ಕೆ ಇಡಲಿ. ಹುಡುಗರು ಮತ್ತು ಹುಡುಗಿಯರಿಗೆ ಬೇರೆ ಬೇರೆ ಹಾಳೆ ಕೊಡಿ. ಒಂದೇ ಹಾಳೆ ಇಟ್ಟರೆ ಹುಡುಗಿಯರು ಶೌಚಾಲಯದ ಮೇಲೆ ಚುಕ್ಕೆ ಇಡಲು ನಾಚುತ್ತಾರೆ. ಸಣ್ಣ ತರಗತಿಯವರನ್ನು ಬಿಡಬೇಡಿ. ನೀರಿನ ನಲ್ಲಿ ಕೈಗೆ ಎಟುಕುವುದಿಲ್ಲ ಎಂಬುದು ಒಂದನೇ ತರಗತಿಯ ಮಗುವಿಗೆ ಗೊತ್ತಿರುತ್ತದೆ, ಮಾಸ್ತರಿಗೆ ಗೊತ್ತಿರುವುದಿಲ್ಲ.

ಹೆಚ್ಚು ಚುಕ್ಕೆ ಬಿದ್ದ ಮೂರು ಜಾಗಗಳನ್ನು ಆರಿಸಿ ಅರ್ಜಿ ಬರೆಯಿರಿ. ‘ಶೌಚಾಲಯ ಸರಿ ಇಲ್ಲ’ ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಎರಡನೇ ಶೌಚಾಲಯದ ಒಳಚಿಲಕ ಜೂನ್‌ನಿಂದ ಇಲ್ಲ. ಒಬ್ಬಳನ್ನು ಹೊರಗೆ ಕಾವಲಿಗೆ ನಿಲ್ಲಿಸಿ ಒಳಗೆ ಹೋಗುತ್ತೇವೆ. ಹಾಗಾಗಿ ಕೆಲವರು ಮಧ್ಯಾಹ್ನ ನೀರನ್ನೇ ಕುಡಿಯುವುದಿಲ್ಲ’ ಎಂದು ಬರೆದರೆ ಓದಿದವರು ಸುಮ್ಮನಿರಲಾರರು. ಚಿಲಕಕ್ಕೆ ನೂರು ರೂಪಾಯಿಯೂ ಆಗುವುದಿಲ್ಲ.

ಅರ್ಜಿಯನ್ನು ಎರಡು ಪ್ರತಿ ಮಾಡಿ ಮುಖ್ಯ ಗುರುಗಳಿಗೆ ಕೊಡಿ. ಒಂದರ ಮೇಲೆ ‘ತಲುಪಿದೆ’ ಎಂದು ಸಹಿ ಮತ್ತು ತಾರೀಖು ಹಾಕಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ. ಎಸ್‌ಡಿಎಂಸಿಯ ಮುಂದಿನ ಸಭೆಯಲ್ಲಿ ಸಂಸತ್ತಿನ ಇಬ್ಬರಿಗೆ ಹತ್ತು ನಿಮಿಷ ಮಾತಾಡಲು ಬಿಡಬೇಕೆಂದೂ ಅದರಲ್ಲೇ ಕೇಳಿ. ಹೋಗುವ ಇಬ್ಬರಲ್ಲಿ ಒಬ್ಬಳು ಹುಡುಗಿ ಇರಲಿ. ಹಳ್ಳಿಯ ಶಾಲೆಯವರಿಗೆ ಇನ್ನೂ ಒಂದು ದಾರಿ ಇದೆ. ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಇದೇ ಹಾಳೆ ಹಿಡಿದು ನಿಲ್ಲಬಹುದು, ಹೋದ ವರ್ಷದ ಬೇಡಿಕೆಗೆ ಏನಾಯಿತು ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಬಹುದು.

ನಿಮ್ಮ ಶಾಲೆಯಲ್ಲಿ ಸಲಹಾ ಪೆಟ್ಟಿಗೆ ಇದೆಯೇ ನೋಡು. ಬಹಳ ಕಡೆ ಅದು ಮುಖ್ಯ ಗುರುಗಳ ಕೋಣೆಯ ಬಾಗಿಲ ಪಕ್ಕದಲ್ಲೇ ಇರುತ್ತದೆ, ಕೀಲಿಯೂ ಅವರ ಬಳಿಯೇ ಇರುತ್ತದೆ. ಹಾಗಿದ್ದರೆ ಯಾರೂ ಚೀಟಿ ಹಾಕುವುದಿಲ್ಲ. ಅದು ಎಲ್ಲರೂ ಓಡಾಡುವ, ಆದರೆ ಯಾರೂ ಕಾಯ್ದು ನೋಡದ ಜಾಗದಲ್ಲಿ ಸಣ್ಣ ಮಕ್ಕಳಿಗೂ ಎಟುಕುವ ಎತ್ತರಕ್ಕೆ ಇರಬೇಕು. ಹದಿನೈದು ದಿನಕ್ಕೊಮ್ಮೆ ಒಬ್ಬ ಅಕ್ಕೋರು ಮತ್ತು ಎಸ್‌ಡಿಎಂಸಿಯ ಒಬ್ಬ ತಾಯಿ ಸೇರಿ ತೆಗೆಯಬೇಕು. ಏನು ಕ್ರಮ ಆಯಿತು ಎಂಬುದನ್ನು ಬರೆದವರ ಸುಳಿವು ಸಿಗದಂತೆ ಪ್ರಾರ್ಥನೆಯ ವೇಳೆಗೆ ಹೇಳಬೇಕು. ಉತ್ತರ ಬಾರದ ಪೆಟ್ಟಿಗೆಗೆ ಎರಡನೇ ಸಲ ಯಾರೂ ಬರೆಯುವುದಿಲ್ಲ.

ನಮ್ದು ಎರಿ ಭೂಮಿ. ಸಾಲಿ ಗ್ವಾಡಿ ಪ್ರತಿ ಬ್ಯಾಸಗಿಗೆ ಬಿರುಕು ಬಿಡತಾವ. ಸಿಮೆಂಟ್ ತುಂಬಿಸಿದ್ರೂ ಮುಂದಿನ ವರ್ಷ ಮತ್ತ ಅದ. ಮಕ್ಕಳನ್ನ ಕೂಡಿಸಬೇಕೋ ಬ್ಯಾಡೋ ಹೆಂಗ ತಿಳೀಬೇಕು?
– ಎಸ್‌ಡಿಎಂಸಿ ಅಧ್ಯಕ್ಷರು, ನವಲಗುಂದ ತಾಲ್ಲೂಕು

ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಕಡೆ ಇದು ಶಾಲೆ ಶಾಲೆಯ ಗೋಳು. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ತಳಪಾಯ ಆಳಕ್ಕೆ ಹೋಗಿರದಿದ್ದರೆ ಗೋಡೆ ಅದರ ಜೊತೆಗೇ ಏರಿಳಿಯುತ್ತದೆ. ನೀವು ಏಪ್ರಿಲ್‌ನಲ್ಲಿ, ಬಿರುಕು ಪೂರ್ತಿ ಬಾಯಿ ತೆರೆದಾಗ ಸಿಮೆಂಟ್ ತುಂಬಿಸುತ್ತೀರಿ. ಮಳೆ ಬಿದ್ದು ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳಬೇಕೆಂದಾಗ ಒಳಗಿರುವ ಗಟ್ಟಿ ಸಿಮೆಂಟ್ ಅದನ್ನು ತಡೆಯುತ್ತದೆ. ಆಗ ಗೋಡೆ ಪಕ್ಕದಲ್ಲಿ ಸೀಳುತ್ತದೆ.

ಯಾವ ಬಿರುಕಿಗೆ ಹೆದರಬೇಕು ಎಂಬುದು ಮೊದಲ ಪ್ರಶ್ನೆ. ಗಿಲಾವಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳು ಬಲೆಯಂತೆ ಹರಡಿದ್ದರೆ ಅಪಾಯವಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿ, ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವ ಬಿರುಕು ತಳಪಾಯದ್ದು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗೀಟು ಎಳೆದು ತಾರೀಖು ಬರೆಯಿರಿ. ವಿಜ್ಞಾನದ ಪೆಟ್ಟಿಗೆಯಲ್ಲಿ ಸೂಕ್ಷ್ಮದರ್ಶಕದ ಗಾಜಿನ ಸ್ಲೈಡು ಇರುತ್ತದಲ್ಲ, ಅದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಗಿಲಾವು ಕೆರೆದ ಗಟ್ಟಿ ಗೋಡೆಗೆ ಎರಡೂ ತುದಿ ಅಂಟಿಸಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಮಕ್ಕಳು ಬರೆಯುವ ಪೆನ್ಸಿಲ್ ಸುಮಾರು 7 ಮಿ.ಮೀ. ದಪ್ಪ. ಅದು ಬಿರುಕಿನೊಳಗೆ ಸಲೀಸಾಗಿ ಹೋದರೆ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳತೊಡಗಿದರೆ, ಅಥವಾ ಗೋಡೆ ಹೊರಕ್ಕೆ ವಾಲಿದ್ದು ಕಣ್ಣಿಗೆ ಕಂಡರೆ ಎಂಜಿನಿಯರ್ ಬರುವವರೆಗೂ ಕಾಯದೆ ಅಂದೇ ಆ ಕೋಣೆಗೆ ಬೀಗ ಹಾಕಿರಿ.

ಗೋಡೆಗಿಂತ ಚಾವಣಿ ಹೆಚ್ಚು ಅಪಾಯದ್ದು, ಅದನ್ನು ನೋಡುವವರು ಮಾತ್ರ ಕಡಿಮೆ. ಆರ್‌ಸಿಸಿ ಸ್ಲ್ಯಾಬಿನ ಕೆಳಗೆ ತುಕ್ಕಿನ ಬಣ್ಣದ ಗೆರೆ ಕಂಡರೆ ಒಳಗಿನ ಸರಳು ತುಕ್ಕು ಹಿಡಿದು ಹಿಗ್ಗುತ್ತಿದೆ. ಉದ್ದನೆಯ ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಿರಿ. ಟೊಳ್ಳು ಸಪ್ಪಳ ಬಂದ ಕಡೆ ಕಾಂಕ್ರೀಟಿನ ಹಕ್ಕಳೆ ಯಾವಾಗ ಬೇಕಾದರೂ ಬೀಳಬಹುದು. ತಟ್ಟುವಾಗ ಅದರ ನೇರ ಕೆಳಗೆ ನಿಲ್ಲಬೇಡಿ. ಟೊಳ್ಳಾದ ಜಾಗಕ್ಕೆ ಮೇಲಿಂದ ಗಿಲಾವು ಮೆತ್ತಿಸುವುದು ತೀರ ಕೆಟ್ಟ ಉಪಾಯ, ಬೀಳುವ ಭಾರವನ್ನು ಅದು ಇನ್ನಷ್ಟು ಹೆಚ್ಚಿಸುತ್ತದೆ.

ಇನ್ನು ಉಪಾಯ. ಬಿರುಕಿಗೆ ಕೈಹಾಕುವ ಮೊದಲು ನೀರಿಗೆ ದಾರಿ ಮಾಡಿರಿ. ಮಾಳಿಗೆಯ ನೀರು ಗೋಡೆಯ ಬುಡಕ್ಕೇ ಸುರಿಯುತ್ತಿದ್ದರೆ ಪೈಪು ಹಾಕಿ ದೂರಕ್ಕೆ ಬಿಡಿ. ಗೋಡೆಯ ಸುತ್ತ ಸುಮಾರು ಒಂದು ಮೀಟರ್ ಅಗಲಕ್ಕೆ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಕಟ್ಟೆ ಹಾಕಿಸಿ, ಅದರ ಅಂಚಿಗೆ ಗಟಾರ ಮಾಡಿಸಿರಿ. ಇದರಿಂದ ಬುಡದ ಮಣ್ಣಿನ ತೇವ ಹೆಚ್ಚುಕಡಿಮೆಯಾಗುವುದು ತಗ್ಗುತ್ತದೆ. ಕೈ ತೊಳೆಯುವ ನಲ್ಲಿಯ ನೀರು ಗೋಡೆಗೆ ಇಳಿಯಬಾರದು. ಗೋಡೆಗೆ ತಾಗಿ ದೊಡ್ಡ ಮರವಿದ್ದರೆ ಎಂಜಿನಿಯರಿಗೆ ತೋರಿಸಿರಿ, ಸುಮ್ಮನೆ ಕಡಿಯಬೇಡಿ. ಮರ ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ಮಣ್ಣು ಮತ್ತಷ್ಟು ಉಬ್ಬಬಹುದು. ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದು ಗಾಜು ಒಡೆಯದೆ ಉಳಿದರೆ ಬಿರುಕು ಹೊಲಿಯುವ ಕೆಲಸ ಮಾಡಿಸಬಹುದು.

ಕಾಗದದ ಕೆಲಸವೂ ಅಷ್ಟೇ ಮುಖ್ಯ. ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗಕ್ಕೆ ಪತ್ರ ಬರೆದು ಸ್ಥಳ ಪರಿಶೀಲನೆ ಮತ್ತು ಅಂದಾಜು ಪಟ್ಟಿ ಕೇಳಿರಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಪ್ರತಿ ಕೊಡಿ, ಗೀಟು ಹಾಕಿದ ಬಿರುಕಿನ ಫೋಟೊ ಲಗತ್ತಿಸಿರಿ. ಪ್ರತಿ ವರ್ಷ ಶಾಲೆಯ ಮಾಹಿತಿ ತುಂಬಿ ಕಳಿಸುವ ಯುಡೈಸ್ ನಮೂನೆಯಲ್ಲಿ ಪ್ರತಿ ಕೊಠಡಿ ಸುಸ್ಥಿತಿಯಲ್ಲಿದೆಯೋ, ಸಣ್ಣ ದುರಸ್ತಿ ಬೇಕೋ, ದೊಡ್ಡ ದುರಸ್ತಿ ಬೇಕೋ ಎಂದು ತುಂಬಬೇಕು. ಹೋದ ವರ್ಷದ್ದನ್ನೇ ನಕಲು ಮಾಡಿ ‘ಸುಸ್ಥಿತಿ’ ಎಂದು ತುಂಬಿ ಕಳಿಸಿದ ಶಾಲೆ ದುರಸ್ತಿ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಸಲ್ಲಿಸುವ ಮೊದಲು ಆ ಪುಟವನ್ನು ಎಸ್‌ಡಿಎಂಸಿ ನೋಡಲೇಬೇಕು. ಮಳೆ ಅಥವಾ ಬೆಣ್ಣಿಹಳ್ಳದ ನೆರೆಯಿಂದ ಹಾನಿಯಾಗಿದ್ದರೆ ವಿಪತ್ತು ಪರಿಹಾರ ನಿಧಿಯಿಂದಲೂ ಪ್ರಾಥಮಿಕ ಶಾಲೆಯ ದುರಸ್ತಿಗೆ ಅವಕಾಶವಿದೆ. ಗೋಡೆ ಒಣಗುವ ಮೊದಲೇ ತಹಶೀಲ್ದಾರ್ ಕಚೇರಿಗೆ ಬರೆದು ಪಂಚನಾಮೆ ಮಾಡಿಸಿರಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದಲೂ ಕೇಳಬಹುದು, ಆದರೆ ಕೈಯಲ್ಲಿ ಅಂದಾಜು ಪಟ್ಟಿ ಇಟ್ಟುಕೊಂಡು ಹೋಗಿರಿ. ನೆರೆಯ ಕೊಪ್ಪಳ ಜಿಲ್ಲೆಗೆ ಬರುವ ಕಲ್ಯಾಣ ಕರ್ನಾಟಕ ಮಂಡಳಿಯ ಹಣ ನಮ್ಮ ಮೂರೂ ಜಿಲ್ಲೆಗಳಿಗೆ ಇಲ್ಲ. ಆದ್ದರಿಂದ ಈ ದಾರಿಗಳಲ್ಲಿ ಒಂದನ್ನೂ ಬಿಡುವಂತಿಲ್ಲ.

ಬಿಸಿಯೂಟದ ಕೋಣೆಯಲ್ಲೇ ಸಿಲಿಂಡರ್ ಮತ್ತು ಒಲೆ ಎರಡೂ ಇವೆ. ಸರಿಯೇ?
– ಅಡುಗೆ ಸಿಬ್ಬಂದಿ, ಬ್ಯಾಡಗಿ

ಸಿಲಿಂಡರ್ ಹೊರಗಿದ್ದರೆ ಒಳ್ಳೆಯದು. ಗೋಡೆಯಾಚೆ ಜಾಲರಿ ಬಾಗಿಲಿನ ಗೂಡು ಕಟ್ಟಿಸಿ, ಗ್ಯಾಸ್ ಏಜೆನ್ಸಿಯವರಿಂದಲೇ ಪೈಪ್ ಒಳಗೆ ತರಿಸಬೇಕು. ಅಲ್ಲಿಯವರೆಗೆ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಎತ್ತರದ ಕಟ್ಟೆಯ ಮೇಲೆ ಇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಹಾಗಾಗಿ ಕೆಳಮಟ್ಟದಲ್ಲಿ ಕಿಂಡಿ ಇರಲೇಬೇಕು. ಎತ್ತರದ ಕಿಟಕಿಯೊಂದೇ ಸಾಲದು. ರಬ್ಬರ್ ಪೈಪಿನ ಮೇಲೆ ಅಚ್ಚಾದ ತಾರೀಖು ನೋಡಿ, ಐದು ವರ್ಷಕ್ಕೆ ಬದಲಿಸಿರಿ. ಸೋರಿಕೆ ನೋಡಲು ಸಾಬೂನಿನ ನೀರು ಹಚ್ಚಿರಿ, ಕಡ್ಡಿ ಗೀರಬೇಡಿ. ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಮಕ್ಕಳನ್ನು ದೂರ ಕಳಿಸಿ 1906ಕ್ಕೆ ಫೋನ್ ಮಾಡಿರಿ. ಬಿಸಿ ಸಾಂಬಾರಿನ ಪಾತ್ರೆಯನ್ನು ಮಕ್ಕಳ ಕೈಯಲ್ಲಿ ಯಾವತ್ತೂ ಹೊರಿಸಬೇಡಿ.

ಶಾಲೆಯಲ್ಲಿ ಒಬ್ಬ ಬಾಲಕಿಯ ಜೊತೆ ದೊಡ್ಡವರೊಬ್ಬರು ಕೆಟ್ಟದಾಗಿ ನಡೆದುಕೊಂಡಿದ್ದಾರೆ. ಹಿರಿಯರು ‘ಶಾಲೆಯ ಹೆಸರು ಹೋಗತದ, ಊರಾಗ ಕೂತು ಬಗಿಹರಿಸೋಣ’ ಎನ್ನುತ್ತಿದ್ದಾರೆ. ಶಿಕ್ಷಕಿಯಾಗಿ ನಾನು ಏನು ಮಾಡಲಿ?
– ಗದಗ ಜಿಲ್ಲೆ (ಊರು ಬೇಡವೆಂದಿದ್ದಾರೆ)

ಇಂದೇ ಪೊಲೀಸರಿಗೆ ತಿಳಿಸಿರಿ. ಇದು ರಾಜಿ ಪಂಚಾಯಿತಿಯಲ್ಲಿ ಮುಗಿಸಬಹುದಾದ ವಿಷಯವೇ ಅಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಗೊತ್ತಾದ ಯಾರೇ ಆದರೂ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ವರದಿ ಮಾಡಲೇಬೇಕು. ತನ್ನ ಕೈಕೆಳಗಿನ ಸಿಬ್ಬಂದಿಯ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೂ ಸೆರೆವಾಸ ಆಗಬಹುದು. ‘ಮುಖ್ಯ ಗುರುಗಳು ಒಪ್ಪಲಿಲ್ಲ’ ಎಂಬುದು ನಿಮಗೂ ರಕ್ಷಣೆ ಕೊಡುವುದಿಲ್ಲ. 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ನೀವೇ ಕರೆ ಮಾಡಬಹುದು.

ಮಗು ಹೇಳಿದ್ದನ್ನು ಅದರ ಮಾತಿನಲ್ಲೇ, ಹೇಳಿದ ತಾರೀಖು ಮತ್ತು ವೇಳೆಯ ಸಮೇತ ಬರೆದಿಡಿ. ಅಲ್ಲಿಗೆ ನಿಲ್ಲಿಸಿರಿ. ಮುಖ್ಯ ಗುರುಗಳು ಒಮ್ಮೆ, ಎಸ್‌ಡಿಎಂಸಿಯವರು ಒಮ್ಮೆ, ಹಿರಿಯರು ಒಮ್ಮೆ ಎಂದು ಮತ್ತೆ ಮತ್ತೆ ಕೇಳಿದರೆ ಮಗು ಜರ್ಜರಿತವಾಗುತ್ತದೆ, ಮಾತೂ ಹೆಚ್ಚುಕಡಿಮೆಯಾಗುತ್ತದೆ. ಅದರ ಲಾಭ ಆರೋಪಿಗೆ ಹೋಗುತ್ತದೆ. ‘ಅವರು ಹೀಗೆ ಮಾಡಿದರಾ?’ ಎಂದು ನೀವೇ ಮಾತು ಬಾಯಿಗೆ ಹಾಕಬೇಡಿ. ಆ ದಿನದ ಬಟ್ಟೆ ತೊಳೆಯದಂತೆ ಮನೆಯವರಿಗೆ ಹೇಳಿರಿ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಒಗ್ಗುವ ಜಾಗದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಪಿಎಸ್‌ಐ ದರ್ಜೆಗೆ ಕಡಿಮೆ ಇಲ್ಲದವರು ಸಮವಸ್ತ್ರವಿಲ್ಲದೆ ಪಡೆಯಬೇಕು. ಬಾಲಕಿಯ ವೈದ್ಯಕೀಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ಹೆಸರು, ಫೋಟೊ, ಊರಿನ ಗುರುತು ಯಾವ ವಾಟ್ಸ್ಆ್ಯಪ್ ಗುಂಪಿಗೂ ಹೋಗಬಾರದು, ಅದೂ ಅಪರಾಧವೇ. ತನಿಖೆ ಮುಗಿಯುವವರೆಗೆ ಆ ವ್ಯಕ್ತಿಯನ್ನು ಮಕ್ಕಳಿಂದ ದೂರ ಇಡಬೇಕೆಂದು ಬಿಇಒ ಅವರಿಗೆ ಬರವಣಿಗೆಯಲ್ಲಿ ಕೊಡಿ. ಬಾಲಕಿಯ ಶಾಲೆ ಬಿಡಿಸುವ ಮಾತು ಯಾರೇ ಎತ್ತಿದರೂ ಅಡ್ಡ ನಿಲ್ಲಿರಿ. ಶಾಲೆ ಬಿಟ್ಟು ಹೋಗಬೇಕಾದವಳು ಅವಳಲ್ಲ.

ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 38 ಮಕ್ಕಳಿದ್ದಾರೆ. ದೊಡ್ಡ ಶಾಲೆಯೊಂದಿಗೆ ಸೇರಿಸುತ್ತಾರೆಂಬ ಸುದ್ದಿ. ಇಂಗ್ಲಿಷ್ ಇಲ್ಲವೆಂದು ಉಳಿದವರೂ ಹೋಗುತ್ತಿದ್ದಾರೆ. ಬೇಡವೆನ್ನಬೇಕೋ, ಒಪ್ಪಬೇಕೋ?
– ಪೋಷಕರು, ರೋಣ ತಾಲ್ಲೂಕು

ಕುರುಡಾಗಿ ಬೇಡವೆನ್ನುವುದೂ ತಪ್ಪು, ಕೇಳದೆ ಒಪ್ಪುವುದೂ ತಪ್ಪು. ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು ಎಂಬುದು ಕಾಯ್ದೆಯ ಮಾತು. ಇಬ್ಬರಲ್ಲಿ ಒಬ್ಬರು ಸಭೆ ಅಥವಾ ತರಬೇತಿಗೆ ಹೋದ ದಿನ ಐದು ತರಗತಿ ಒಬ್ಬರ ಕೈಗೆ ಬೀಳುತ್ತವೆ. ದೊಡ್ಡ ಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರು ಸಿಗಬಹುದು, ಅದು ನಿಜವಾದ ಲಾಭ. ಆದರೆ ಆರು ವರ್ಷದ ಮಗು ಅಲ್ಲಿಗೆ ಹೇಗೆ ಹೋಗುತ್ತದೆ? ಸಣ್ಣ ತರಗತಿಗಳ ಶಾಲೆ ಒಂದು ಕಿಲೋಮೀಟರ್ ಒಳಗೆ, 6ರಿಂದ 8ನೇ ತರಗತಿಯದು ಮೂರು ಕಿಲೋಮೀಟರ್ ಒಳಗೆ ಇರಬೇಕೆಂಬ ಅಳತೆ ಇದೆ.

ಎಸ್‌ಡಿಎಂಸಿ ಸಭೆ ಕರೆದು ಬರವಣಿಗೆಯಲ್ಲಿ ಕೇಳಿರಿ: ವಾಹನ ಯಾರದು, ಖರ್ಚು ಯಾರದು, ಎಷ್ಟು ವರ್ಷ? ದಾರಿಯಲ್ಲಿ ಹಳ್ಳ ಇದ್ದರೆ ಮಳೆಗಾಲದಲ್ಲಿ ಏನು ವ್ಯವಸ್ಥೆ? ಅಲ್ಲಿ ಹೆಚ್ಚಿದ ಮಕ್ಕಳಿಗೆ ಕೊಠಡಿ, ಶೌಚಾಲಯ ಈಗಲೇ ಇವೆಯೋ, ಮುಂದೆ ಕಟ್ಟುತ್ತಾರೋ? ಉತ್ತರ ಬರುವವರೆಗೆ ಒಪ್ಪಿಗೆಯ ಠರಾವು ಬೇಡ.

ಶಾಲೆ ಉಳಿಯಬೇಕೆಂದಿದ್ದರೆ ಕೆಲಸ ಫೆಬ್ರುವರಿಯಲ್ಲೇ ಶುರುವಾಗಬೇಕು. ಅಂಗನವಾಡಿಯ ಪಟ್ಟಿ ಹಿಡಿದು ಒಂದನೇ ತರಗತಿಗೆ ಬರುವ ಮಕ್ಕಳ ಮನೆಗಳಿಗೆ ಹೋಗಿರಿ. ಖಾಸಗಿ ಶಾಲೆಯ ಪ್ರವೇಶ ಮುಗಿದ ಮೇಲೆ ಮೇ ತಿಂಗಳಲ್ಲಿ ಹೋದರೆ ಉಪಯೋಗವಿಲ್ಲ. ಇಂಗ್ಲಿಷಿನ ಬೇಡಿಕೆಯನ್ನು ಹಗುರ ಮಾಡಬೇಡಿ. 2019–20ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಶುರುವಾಗಿವೆ, ಕನ್ನಡ ಮತ್ತು ಇಂಗ್ಲಿಷ್ ಅಕ್ಕಪಕ್ಕ ಅಚ್ಚಾದ ದ್ವಿಭಾಷಾ ಪುಸ್ತಕಗಳಿವೆ. ವಿಭಾಗ ಕೇಳುವಾಗಲೇ ಶಿಕ್ಷಕರ ತರಬೇತಿಯನ್ನೂ ಕೇಳಿರಿ. ತರಬೇತಿ ಇಲ್ಲದ ಕಡೆ ಫಲಕ ಮಾತ್ರ ಬದಲಾಗುತ್ತದೆ, ಎರಡೇ ವರ್ಷಕ್ಕೆ ಪೋಷಕರು ಮತ್ತೆ ಮಕ್ಕಳನ್ನು ಬಿಡಿಸುತ್ತಾರೆ.

ಚಿಗರಿ ಬಸ್ಸಿನ ರಸ್ತೆ ದಾಟಿ ನಮ್ಮ ಮಕ್ಕಳು ಶಾಲೆಗೆ ಹೋಗಬೇಕು. ಏನು ಹೇಳಿಕೊಡಬೇಕು?
– ತಾಯಿ, ನವನಗರ, ಹುಬ್ಬಳ್ಳಿ

ಚಿಗರಿ ಎಂದರೆ ಹುಬ್ಬಳ್ಳಿ–ಧಾರವಾಡ ನಡುವೆ ತನ್ನದೇ ಪಥದಲ್ಲಿ ಓಡುವ ಬಸ್ಸು. ಆ ರಸ್ತೆಯಲ್ಲಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ನೋಡಿದರೆ ಸಾಲದು. ಮೊದಲು ಸಾಮಾನ್ಯ ವಾಹನಗಳ ದಾರಿ, ನಡುವೆ ಎರಡೂ ದಿಕ್ಕಿನ ಬಸ್ ಪಥ, ಆಚೆ ಮತ್ತೆ ವಾಹನಗಳ ದಾರಿ. ಬಸ್ ಪಥ ಖಾಲಿ ಕಂಡಾಗಲೇ ಮಕ್ಕಳು ಓಡುತ್ತಾರೆ, ಬಸ್ಸು ಅಲ್ಲಿ ತಡೆಯಿಲ್ಲದೆ ವೇಗವಾಗಿ ಬರುತ್ತದೆ. ಪ್ರತಿ ಪಥದ ಅಂಚಿಗೂ ನಿಂತು, ಎರಡೂ ಕಡೆ ನೋಡಿ ಮುಂದಿನ ಹೆಜ್ಜೆ ಇಡುವುದನ್ನು ಅದೇ ಜಾಗದಲ್ಲಿ ಕೈಹಿಡಿದು ಅಭ್ಯಾಸ ಮಾಡಿಸಿರಿ. ಬೇಲಿ ಸಂದಿಯಲ್ಲಿ ನುಸುಳಬಾರದು. ಸಿಗ್ನಲ್ ಇರುವ ದಾಟು ಅಥವಾ ಮೇಲ್ಸೇತುವೆ ಸುತ್ತಾದರೂ ಅದೇ ದಾರಿ. ಶಾಲೆ ಬಿಡುವ ವೇಳೆಗೆ ಸಿಬ್ಬಂದಿ ಬೇಕೆಂದು ಪೊಲೀಸ್ ಕಮಿಷನರೇಟ್‌ನ ಸಂಚಾರ ವಿಭಾಗಕ್ಕೆ ಮುಖ್ಯ ಶಿಕ್ಷಕರ ಮೂಲಕ ಅರ್ಜಿ ಕೊಡಿ. ಎಷ್ಟು ಮಕ್ಕಳು, ಯಾವ ಜಾಗದಲ್ಲಿ, ಎಷ್ಟರಿಂದ ಎಷ್ಟು ಗಂಟೆಯೊಳಗೆ ದಾಟುತ್ತಾರೆ ಎಂಬುದನ್ನು ಒಂದು ವಾರ ಎಣಿಸಿ ಅದಕ್ಕೆ ಲಗತ್ತಿಸಿರಿ. ಎಣಿಸುವ ಕೆಲಸವನ್ನು ಗೇಟಿನ ಒಳಗೆ ನಿಂತು ಶಾಲಾ ಸಂಸತ್ತಿನ ಮಕ್ಕಳೇ ಮಾಡಬಲ್ಲರು.